ಹೊಳೆಯ ವಿಳಾಸ

ನಮ್ಮೂರ ಹೊಳೆ ವರ್ಷಕ್ಕೊಮ್ಮೆ ಮಗ್ಗುಲು ಬದಲಿಸುತ್ತದೆ. ಮಳೆಗಾಲದ ಕೆಂಪು ನೀರು ಇಳಿದು, ಆಯುಧಪೂಜೆಗೆ ಒಡೆದ ಕುಂಬಳಕಾಯಿ ಬೀದಿಯಲ್ಲಿ ಒಣಗುತ್ತ ಬಿದ್ದಿರುವ ದಿನಗಳಲ್ಲಿ, ಒಂದು ಬೆಳಿಗ್ಗೆ ಎದ್ದು ನೋಡಿದರೆ ಹೊಳೆ ನಿನ್ನೆ ಇದ್ದಲ್ಲಿ ಇರುವುದಿಲ್ಲ. ಆಚೆಗೋ ಈಚೆಗೋ ಸರಿದು, ಅಜ್ಜನ ಕಾಲದಿಂದಲೂ ಅಲ್ಲೇ ಇದ್ದೆ ಅನ್ನುವ ಹಾಗೆ ಹರಿಯುತ್ತಿರುತ್ತದೆ. ಯಾರ ಮನೆಯನ್ನೂ ಕೊಚ್ಚಿಕೊಂಡು ಹೋದದ್ದಿಲ್ಲ. ಕೇರಿಗಳ ಸಂದಿಯಲ್ಲಿ, ಹೊಲದ ಬದುಗಳ ಪಕ್ಕದಲ್ಲಿ, ಮರ್ಯಾದಸ್ಥ ನೆಂಟನ ಹಾಗೆ ದಾರಿ ಮಾಡಿಕೊಂಡು ಹೋಗುತ್ತದೆ. ಅದಕ್ಕೇ ನಮ್ಮಲ್ಲಿ ಮನೆಗಳಿಗೆ ಎರಡೂ ದಿಕ್ಕಿಗೆ ಬಾಗಿಲು. ಹೆಣ್ಣು ನೋಡಲು ಬಂದವರು ಜಾತಕಕ್ಕಿಂತ ಮೊದಲು "ಈ ವರ್ಷ ನೀವು ಈಚೆಯವರೋ ಆಚೆಯವರೋ" ಎಂದು ಕೇಳುತ್ತಾರೆ. ಆಸ್ಪತ್ರೆ, ಪುರಸಭೆ, ಸಂತೆ ಮೈದಾನ, ಕೆಲವು ಅನುಕೂಲಸ್ಥರ ಮನೆಗಳು ಮಾತ್ರ ಕಲ್ಲುದಿಬ್ಬದ ಮೇಲಿವೆ. ಹೊಳೆ ಆ ದಿಬ್ಬ ಹತ್ತಿದ್ದಿಲ್ಲ. ದಿಬ್ಬದ ಕಡೆ ಉಳಿದವರು ಆ ವರ್ಷ ಈಚೆಯವರು, ಹೊಳೆ ದಾಟಿ ದಿಬ್ಬಕ್ಕೆ ಬರಬೇಕಾದವರು ಆಚೆಯವರು.

ಇಂಥ ಊರಲ್ಲಿ ಗಟ್ಟಿ ಸೇತುವೆ ಕಟ್ಟಿ ಪ್ರಯೋಜನವಿಲ್ಲ. ಹಿಂದೆ ಯಾರೋ ಕಲ್ಲಿನದು ಕಟ್ಟಿಸಿದ್ದರು, ಇನ್ಯಾರೋ ಕಬ್ಬಿಣದ್ದು. ಎರಡೂ ಈಗ ಹೊಲದ ನಡುವೆ ನಿಂತಿವೆ. ಒಂದರ ಮೇಲೆ ಹೆಂಗಸರು ಸಂಡಿಗೆ ಒಣಹಾಕುತ್ತಾರೆ, ಇನ್ನೊಂದರ ಕೆಳಗೆ ಎಮ್ಮೆಗಳು ಮಲಗುತ್ತವೆ. ಹಾಗಾಗಿ ಪ್ರತಿ ವರ್ಷವೂ ಹೊಳೆ ನಿಂತ ಜಾಗ ನೋಡಿಕೊಂಡು ಬಿದಿರಿನ ಕಾಲುಸೇತುವೆ ಕಟ್ಟಬೇಕು. ಅದಕ್ಕೆ ಪುರಸಭೆಯವರು ಆಷಾಢದಲ್ಲೇ ಟೆಂಡರ್ ಕರೆಯುತ್ತಾರೆ. ಟೆಂಡರ್ ಗುತ್ತಿಗೆದಾರ ಜಯದೇವಪ್ಪನವರಿಗೆ ಆಗುತ್ತದೆ, ಸೇತುವೆಯನ್ನು ಮೇದಾರ ಕೇರಿಯ ಹೆಂಗಸರು ಕಟ್ಟುತ್ತಾರೆ. ನಾನು ಸೊಸೆಯಾಗಿ ಆ ಕೇರಿಗೆ ಬಂದಾಗ ಇದನ್ನು ಜನ ಒಂದೇ ಉಸಿರಲ್ಲಿ ಹೇಳುತ್ತಿದ್ದರು, ಬೇಸಿಗೆ ಬಂದರೆ ಸೆಕೆ ಅನ್ನುವ ಹಾಗೆ. ನಮ್ಮ ಗಂಡಸರು ಆ ತಿಂಗಳುಗಳಲ್ಲಿ ಏಣಿ, ಮೊರ, ತೊಟ್ಟಿಲು ಹೊತ್ತು ದೂರದ ಊರುಗಳಿಗೆ ಮಾರಲು ಹೋಗಿರುತ್ತಾರೆ. ಆದ್ದರಿಂದ ಸೇತುವೆ ಎಂದರೆ ಹೆಂಗಸರ ಕೆಲಸ. ಹನ್ನೊಂದು ಜನ. ಅವರಿಗೆ ಮುಂದಾಳು ನನ್ನ ಅತ್ತೆ ಸಾತಮ್ಮ.

ಅತ್ತೆ ಬಿದಿರನ್ನು ನೋಡಿ ಆರಿಸುವವಳಲ್ಲ, ಕೇಳಿ ಆರಿಸುವವಳು. ಬೆರಳ ಗಣ್ಣಿನಿಂದ ಗಳವನ್ನು ಬಡಿದು, ಕಿವಿಯಿಟ್ಟು, "ಇದು ಬಲಿತಿದೆ", "ಇದಕ್ಕೆ ಹುಳ ಬಿದ್ದಿದೆ", "ಇದು ಇನ್ನೂ ಕೂಸು, ಬಿಟ್ಟುಬಿಡು" ಅನ್ನುತ್ತಾಳೆ. ಓದು ಬರದು. ನಾನು ಪಿಯುಸಿವರೆಗೆ ಓದಿದವಳು, ಕೇರಿಗೆ ಬಂದ ಕಾಗದಗಳನ್ನೆಲ್ಲ ಓದಿ ಹೇಳುವುದು ನನ್ನ ಕೆಲಸ. ಬಿದಿರು ಸೀಳಲು ನನಗೆ ಬರುತ್ತಿರಲಿಲ್ಲ. "ನಿಂಗೆ ಅಕ್ಷರ ಸೀಳೋದು ಬರುತ್ತಲ್ಲ, ಸಾಕು ಬಿಡೇ ಹಾಲಮ್ಮ" ಎಂದು ಅತ್ತೆ ನಗುತ್ತಿದ್ದಳು.

ನಾನು ಬಂದ ನಾಲ್ಕನೆಯ ವರ್ಷ ಜಯದೇವಪ್ಪನವರು ಎಳೆ ಬಿದಿರು ತಂದು ಇಳಿಸಿದರು. ಯಾವುದೋ ಕಾಡಿನಲ್ಲಿ, ಅಮಾವಾಸ್ಯೆಗೆ ಕಾಯದೆ ಬೆಳ್ದಿಂಗಳ ಪಕ್ಷದಲ್ಲೇ ಕಡಿಸಿದ್ದು, ಒಳಗೆ ಇನ್ನೂ ಹಸಿ. ಅತ್ತೆ ಒಂದೊಂದನ್ನೇ ಬಡಿದು ನೋಡಿ, "ಇದರಲ್ಲಿ ಕಟ್ಟೋಕಾಗಲ್ಲ ಜಯದೇವಪ್ಪನೋರೇ, ಆರು ತಿಂಗಳು ಬರಲ್ಲ ಇದು" ಎಂದಳು. ಅವರು ಕೆಟ್ಟ ಮನುಷ್ಯರಲ್ಲ, ಅವಸರದ ಮನುಷ್ಯರು. "ಸಾತಮ್ಮ, ಇನ್ನು ಹತ್ತು ದಿನದಲ್ಲಿ ಸೇತುವೆ ಬಿಟ್ಟುಕೊಡಬೇಕು. ಹೆಸರು ನಂದು, ಹೊಣೆ ನಂದು. ನೀನು ಕಟ್ಟು" ಎಂದರು. ಅತ್ತೆ ಕಟ್ಟಿದಳು.

ಸಂಕ್ರಾಂತಿ ಕಳೆದ ವಾರ ಆ ಸೇತುವೆಯ ಕೈಹಿಡಿಕೆಯ ಗಳ ಮುರಿಯಿತು. ಆಗ ಅದರ ಮೇಲಿದ್ದವರು ಆಸ್ಪತ್ರೆಯ ಸಿಸ್ಟರ್ ಫಿಲೋಮಿನಾ. ಆಚೆಯ ಹಳ್ಳಿಗಳ ಬಾಣಂತಿಯರನ್ನು ನೋಡಲು ದಿನಾ ದಾಟುತ್ತಿದ್ದವರು. ನೀರಿಗೆ ಬಿದ್ದರು, ಬಟ್ಟೆ ಒಗೆಯುತ್ತಿದ್ದವರು ಎಳೆದು ದಡಕ್ಕೆ ತಂದರು. ಜೀವ ಉಳಿಯಿತು, ಬಲಗೈ ಮಣಿಕಟ್ಟು ಮುರಿಯಿತು.

ಪುರಸಭೆ ವಿಚಾರಣೆ ನಡೆಸಿತು. ಒಂದು ತಿಂಗಳಾದ ಮೇಲೆ ಗುಮಾಸ್ತ ಶರಫುದ್ದೀನ್ ಸಾಹೇಬರು ವರದಿಯ ಪ್ರತಿಯನ್ನು ಕೇರಿಗೇ ತಂದು ಅತ್ತೆಯ ಕೈಗೆ ಕೊಟ್ಟು, ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡರು. ನಾನು ಓದಿದೆ. "ಸದರಿ ಸೇತುವೆಯನ್ನು ಕಳೆದ ಹದಿನಾಲ್ಕು ವರ್ಷಗಳಿಂದಲೂ ಮೇದಾರ ಕೇರಿಯ ಸಾತಮ್ಮ ಹಾಗೂ ಇತರೆ ಹತ್ತು ಮಂದಿ ಮಹಿಳೆಯರೇ ಖುದ್ದಾಗಿ ನಿರ್ಮಿಸುತ್ತ ಬಂದಿದ್ದು, ಗುತ್ತಿಗೆದಾರರು ಮೇಲ್ವಿಚಾರಣೆ ಮಾತ್ರ ಮಾಡಿರುತ್ತಾರೆ. ಆದ್ದರಿಂದ ಲೋಪಕ್ಕೆ ಸದರಿ ಮಹಿಳೆಯರೇ ಹೊಣೆ." ಕೆಳಗೆ ಮುಖ್ಯಾಧಿಕಾರಿ ನಾಗಭೂಷಣ ಅವರ ಸಹಿ, ಮೊಹರು.

ಅತ್ತೆ ಮೊರದ ಅಂಚು ಕಟ್ಟುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಇನ್ನೊಮ್ಮೆ ಓದು ಎಂದಳು. ಓದಿದೆ. ಅಂಚು ಸುತ್ತಿ ಮುಗಿಸಿ, ದಬ್ಬೆಯ ತುದಿಯನ್ನು ಹಲ್ಲಲ್ಲಿ ಕಚ್ಚಿ ಕತ್ತರಿಸಿ, "ಹಂಗಾದ್ರೆ ನಮ್ಮ ಹೆಸರು ಬರೆಯೋಕೆ ಅವರಿಗೆ ಬರುತ್ತೆ" ಎಂದಳು. "ತಪ್ಪಿಗೆ ಬರೆಯೋಕೆ ಬಂದ ಮೇಲೆ ಕೆಲಸಕ್ಕೂ ಬರೆಯೋಕೆ ಬರಬೇಕಲ್ಲ. ಆ ಟೆಂಡರ್ ಅಂತಾರಲ್ಲ, ಅದನ್ನ ಹಾಕೋದು ಹೆಂಗೆ, ತಿಳ್ಕೊಂಡು ಬಾ."

ತಿಳಿದುಕೊಂಡು ಬರಲು ನನಗೆ ಮೂರು ತಿಂಗಳು ಹಿಡಿಯಿತು. ಮೊದಲು ಸಂಘ ಬೇಕು ಎಂದರು, ಹನ್ನೊಂದು ಜನರ ಸಂಘ ನೋಂದಾಯಿಸಿದೆ. ಯುಗಾದಿಯ ಮುಂಚೆ ನಮ್ಮಲ್ಲಿ ಹಿರಿಯಳಾದ ಲಕ್ಕಮ್ಮ ತೀರಿಕೊಂಡಳು, ಅವಳ ಜಾಗಕ್ಕೆ ನನ್ನ ಹೆಸರನ್ನೇ ಸೇರಿಸಿದರು. ಪುರಸಭೆಯ ಗೋಡೆಯ ಮೇಲೆ ಗೆದ್ದಲು ಹಿಡಿದ ಚೌಕಟ್ಟಿನಲ್ಲಿ ಒಂದು ಹಳೆಯ ಆದೇಶ ಇತ್ತು: ಹತ್ತು ಸಣ್ಣ ಕಾಮಗಾರಿಗಳಲ್ಲಿ ಎರಡನ್ನು ಹಿಂದುಳಿದ ಕೇರಿಗಳ ಸಂಘಗಳಿಗೆ ಮೀಸಲಿಡಬೇಕು, ಅವರಿಗೆ ಠೇವಣಿಯ ವಿನಾಯಿತಿ ಕೊಡಬೇಕು ಎಂದು. ಅದನ್ನು ತೋರಿಸಿದೆ. ಶರಫುದ್ದೀನ್ ಸಾಹೇಬರು ಕನ್ನಡಕ ಮೇಲೇರಿಸಿ, "ಮೀಸಲು ಇಟ್ಟಿದ್ದೀವಲ್ಲಮ್ಮ. ಕಲ್ಲುಸೇತುವೆಗೆ ಸುಣ್ಣ ಹೊಡೆಯೋದು, ಕಬ್ಬಿಣದ ಸೇತುವೆಗೆ ಬಣ್ಣ ಹೊಡೆಯೋದು. ಪ್ರತಿ ವರ್ಷ ಇಡ್ತೀವಿ. ಯಾರೂ ಬರಲ್ಲ" ಎಂದರು. ಅವರು ಗೇಲಿ ಮಾಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಅವರ ಸ್ವಭಾವ. "ನೀರಿರೋ ಸೇತುವೆಗೆ ಹಾಕಬೇಕು ಸಾಹೇಬ್ರೇ" ಎಂದೆ. ಅರ್ಜಿಯ ನಮೂನೆ ಕೊಟ್ಟರು. "ಎರಡು ಷರತ್ತು ಓದ್ಕೊ. ಆಮೇಲೆ ಬೇಜಾರು ಮಾಡ್ಕೋಬೇಡ" ಎಂದೂ ಹೇಳಿದರು.

ಒಂದನೆಯದು, ಇಂಥದೇ ಕೆಲಸ ಮೂರು ವರ್ಷ ಮಾಡಿದ್ದಕ್ಕೆ ಸರಕಾರಿ ದಾಖಲೆ ಬೇಕು. ಎರಡನೆಯದು, ಟೆಂಡರುದಾರರು ಮೂರು ವರ್ಷ ಸತತವಾಗಿ ಈಚೆ ದಂಡೆಯ ನಿವಾಸಿಗಳಾಗಿರತಕ್ಕದ್ದು. ನಮ್ಮ ಕೇರಿ ಇರುವುದು ಹೊಳೆ ಓಡಾಡುವ ಬಯಲಿನ ಮಧ್ಯದಲ್ಲಿ. ಎರಡು ವರ್ಷ ಈಚೆ ಇದ್ದರೆ ಮೂರನೆಯ ವರ್ಷ ಆಚೆ. ಮೂರು ವರ್ಷ ಸತತವಾಗಿ ಈಚೆ ಇರುವವರು ದಿಬ್ಬದ ಮೇಲೆ ಮನೆ ಇರುವವರು ಮಾತ್ರ. ಜಯದೇವಪ್ಪನವರ ಮನೆ ದಿಬ್ಬದ ಮೇಲಿತ್ತು.

ಎರಡನೆಯದಕ್ಕೆ ಜಗಳ ಆಡಬಹುದು ಅನ್ನಿಸಿತು. ಮೊದಲನೆಯದಕ್ಕೆ ದಾಖಲೆ ಎಲ್ಲಿಂದ ತರುವುದು? ಹದಿನಾಲ್ಕು ವರ್ಷದ ಕಡತಗಳಲ್ಲಿ ಸೇತುವೆ ಕಟ್ಟಿದವರು ಎಂದು ಜಯದೇವಪ್ಪನವರ ಹೆಸರು ಬಿಟ್ಟರೆ ಇನ್ನೊಂದು ಹೆಸರಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತ ಯೋಚಿಸುತ್ತಿದ್ದವಳಿಗೆ ಹೆಂಚಿನ ಮೇಲಿನ ರೊಟ್ಟಿ ಸೀದು ಹೋದದ್ದೂ ತಿಳಿಯಲಿಲ್ಲ. ಇದೆಯಲ್ಲ ಒಂದು ಕಾಗದ, ಮುಖ್ಯಾಧಿಕಾರಿಯೇ ಸಹಿ ಹಾಕಿ ಹದಿನಾಲ್ಕು ವರ್ಷ ಕಟ್ಟಿದವರು ನೀವೇ ಎಂದು ಬರೆದುಕೊಟ್ಟದ್ದು! ಕುಣಿಯುತ್ತ ಅತ್ತೆಗೆ ಹೇಳಿದೆ. ಅವಳು ಕುಣಿಯಲಿಲ್ಲ. "ಆ ಕಾಗದ ನಮ್ಮದು ಅಂತ ತಗೊಂಡ್ರೆ ಸಿಸ್ಟರಮ್ಮನ ಕೈ ಮುರಿದದ್ದೂ ನಮ್ಮದೇ ಆಗುತ್ತೆ" ಎಂದಳು. "ಬಿದಿರು ತಂದವರು ಅವರಲ್ಲವಾ ಅತ್ತೆ" ಎಂದೆ. "ತಂದವರು ಅವರು. ಎಳೇದು ಅಂತ ಗೊತ್ತಿದ್ದೂ ಕಟ್ಟಿದವಳು ನಾನು. ಗೊತ್ತಿಲ್ಲದೆ ಕಟ್ಟಿದ್ರೆ ಬೇರೆ ಮಾತು."

ಮಾರನೆಯ ದಿನ ನನ್ನನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದಳು. ಸಿಸ್ಟರ್ ಫಿಲೋಮಿನಾ ಎಡಗೈಯಲ್ಲಿ ಚೀಟಿ ಬರೆಯುತ್ತಿದ್ದರು, ಬಲಗೈ ಇನ್ನೂ ಸರಿಯಾಗಿ ಮಡಚುತ್ತಿರಲಿಲ್ಲ. ಅತ್ತೆ ಕುರ್ಚಿಯಲ್ಲಿ ಕೂರಲಿಲ್ಲ. "ಸಿಸ್ಟರಮ್ಮ, ಆ ಬಿದಿರು ಎಳೇದು ಅಂತ ನಂಗೆ ಗೊತ್ತಿತ್ತು. ಬೇಡ ಅಂದೆ. ಆಮೇಲೆ ಸುಮ್ಮನೆ ಕಟ್ಟಿದೆ. ಇದನ್ನ ನಿಮಗೆ ಹೇಳದೆ ನಾನು ಇನ್ನೊಂದು ಸೇತುವೆಗೆ ಕೈ ಹಾಕಬಾರದು, ಅದಕ್ಕೆ ಬಂದೆ." ಸಿಸ್ಟರ್ ಪೆನ್ನು ಕೆಳಗಿಟ್ಟರು. ಅವರ ಮುಖ ಕೆಂಪಾಯಿತು. "ಗೊತ್ತಿದ್ರೆ ಒಂದು ಮಾತು ಹೇಳಬಹುದಿತ್ತಲ್ಲ ಸಾತಮ್ಮ. ದಿನಾ ನಿಮ್ಮ ಮನೆ ಮುಂದೇನೇ ಹೋಗ್ತಿದ್ದೆ" ಎಂದರು. ಮತ್ತೆ ಪೆನ್ನು ತೆಗೆದುಕೊಂಡು, "ಬಿ.ಪಿ. ನೋಡಿಸ್ಕೊಂಡು ಎಷ್ಟು ದಿನ ಆಯ್ತು? ಕೂತ್ಕೊಳ್ಳಿ" ಎಂದರು. ಕ್ಷಮಿಸಿದೆ ಎಂದು ಹೇಳಲಿಲ್ಲ. ಬರುವಾಗ ದಾರಿಯಲ್ಲಿ ಅತ್ತೆ, "ಈಗ ಆ ಕಾಗದ ಕೊಡು" ಎಂದಳು.

ಟೆಂಡರ್ ಕರೆಯುವ ಮುಂಚೆ ಪುರಸಭೆಯಲ್ಲಿ ಒಂದು ಸಭೆ ಇರುತ್ತದೆ. ಯಾರು ಬೇಕಾದರೂ ಬಂದು ಅನುಮಾನ ಕೇಳಬಹುದು, ಅಧಿಕಾರಿಗಳು ಹೇಳಿದ ಉತ್ತರವನ್ನು ಬರೆದು ಗೋಡೆಗೆ ಹಚ್ಚಬೇಕು. ಹದಿನಾಲ್ಕು ವರ್ಷವೂ ಆ ಸಭೆಗೆ ಜಯದೇವಪ್ಪನವರೊಬ್ಬರೇ ಬಂದು ಕಾಫಿ ಕುಡಿದು ಹೋಗುತ್ತಿದ್ದರಂತೆ. ಆ ಸಲ ಹನ್ನೊಂದು ಜನ ಹೆಂಗಸರು ಹೋಗಿ ಬೆಂಚಿನ ಮೇಲೆ ಕೂತೆವು. ಬೆಂಚು ಸಾಲದೆ ಇಬ್ಬರು ನಿಂತರು. ಜಯದೇವಪ್ಪನವರು ನಮ್ಮನ್ನು ನೋಡಿ, "ಏನು ಸಾತಮ್ಮ, ಬಿದಿರಿನ ಲೆಕ್ಕ ನನ್ನತ್ರಾನೇ ಮಾತಾಡಬಹುದಿತ್ತಲ್ಲ" ಎಂದರು. "ಈ ಸಲ ಬೇರೆ ಮಾತಿದೆ ಜಯದೇವಪ್ಪನೋರೇ" ಎಂದಳು ಅತ್ತೆ.

ಮೊದಲು ನಾನು ಎದ್ದೆ. "ಸಾರ್, ಮೂರು ವರ್ಷ ಈಚೆ ದಂಡೆಯಲ್ಲಿರಬೇಕು ಅಂತ ಇದೆ. ನಾವು ಮನೆ ಬದಲಿಸಿಲ್ಲ. ನಮ್ಮ ಮನೆ ನಂಬರು ಅಜ್ಜನ ಕಾಲದಿಂದ ಅದೇ. ಬದಲಿಸಿದ್ದು ಹೊಳೆ. ಟೆಂಡರ್ ಹಾಕೋರ ವಿಳಾಸ ನೋಡ್ತೀರೋ, ಹೊಳೆಯ ವಿಳಾಸ ನೋಡ್ತೀರೋ? ಯಾವುದು ಅಂತ ಬರೆದುಕೊಡಿ ಸಾರ್." ಬಾಗಿಲಲ್ಲಿ ನಿಂತಿದ್ದ ಜವಾನ ಕಿಸಕ್ಕನೆ ನಕ್ಕ. ಮುಖ್ಯಾಧಿಕಾರಿ ನಾಗಭೂಷಣ ಅವರು ನಗಲಿಲ್ಲ. ಪಕ್ಕದಲ್ಲಿ ಶರಫುದ್ದೀನ್ ಸಾಹೇಬರು ಪೆನ್ನೆತ್ತಿ ಹಿಡಿದು, "ಏನು ಅಂತ ಬರೆಯಲಿ ಸಾರ್?" ಎಂದು ಗಂಭೀರವಾಗಿ ಕೇಳಿದರು. ಹೊಳೆಯ ವಿಳಾಸ ನೋಡುತ್ತೇವೆ ಎಂದು ಬರೆದು ಗೋಡೆಗೆ ಹಚ್ಚುವುದು ಯಾವ ಅಧಿಕಾರಿಗೂ ಆಗುವ ಕೆಲಸವಲ್ಲ. ಅವರು ಹಣೆ ಒರೆಸಿಕೊಂಡು, "ಪುರಸಭೆ ವ್ಯಾಪ್ತಿಯ ಮನೆ ನಂಬರು ಇದ್ದರೆ ಸಾಕು ಅಂತ ಬರೀರಿ" ಎಂದರು.

ಜಯದೇವಪ್ಪನವರು ಮುಂದೆ ಬಗ್ಗಿದರು. "ಅದಿರಲಿ ಸಾರ್. ಅನುಭವದ ದಾಖಲೆ?" ನಾನು ವರದಿಯನ್ನು ಮೇಜಿನ ಮೇಲಿಟ್ಟೆ. ಅವರು ಇಣುಕಿ ನೋಡಿ ಜೋರಾಗಿ ನಕ್ಕರು. "ಏನಮ್ಮಾ, ಇದು ತಪ್ಪಿನ ಕಾಗದ!" ಆಗ ಅತ್ತೆ ಎದ್ದಳು. "ಹೌದು ಸಾರ್, ತಪ್ಪಿನ ಕಾಗದಾನೇ. ಮುರಿದ ಸೇತುವೆ ನಾವೇ ಕಟ್ಟಿದ್ದು. ಯಾರಿಗೆ ನೋವಾಯ್ತೋ ಅವರ ಮುಂದೆ ಹೋಗಿ ಒಪ್ಕೊಂಡು ಬಂದಿದ್ದೀನಿ. ಅದರ ಹಿಂದೆ ಹದಿಮೂರು ನಿಂತವಲ್ಲ, ಅವನ್ನ ಕಟ್ಟಿದವರು ಯಾರು ಅಂತ ಅದೇ ಕಾಗದದಲ್ಲಿ ನೀವೇ ಬರೆದಿದ್ದೀರಿ. ಒಂದು ಸಾಲು ಮಾತ್ರ ಓದಬೇಡಿ, ಪೂರ್ತಿ ಓದಿ." ನಾಗಭೂಷಣ ಅವರು ತಮ್ಮದೇ ಸಹಿಯನ್ನು ಎರಡು ಸಲ ನೋಡಿದರು. ಅದು ಸುಳ್ಳು ಎನ್ನುವಂತಿಲ್ಲ, ಅವರದೇ ವಿಚಾರಣೆ. ದಾಖಲೆ ಒಪ್ಪಿದೆ ಎಂದು ಬರೆಯಿರಿ ಎಂದರು. ಶರಫುದ್ದೀನ್ ಸಾಹೇಬರು ಅದನ್ನು ಬೇಕೆಂದೇ ದಪ್ಪ ಅಕ್ಷರದಲ್ಲಿ ಬರೆದರೋ ಏನೋ, ಗೋಡೆಯ ಮೇಲೆ ದೂರದಿಂದಲೂ ಕಾಣುತ್ತಿತ್ತು.

ಲಕೋಟೆ ಒಡೆಯುವ ದಿನ ಇದ್ದದ್ದು ಎರಡೇ ಲಕೋಟೆ. ಜಯದೇವಪ್ಪನವರ ದರ ನಮಗಿಂತ ಕಡಿಮೆ ಇತ್ತು. ಒಳ್ಳೆಯ ಬಿದಿರಿಗೆ, ಸರಿಯಾದ ಕೂಲಿಗೆ ಎಷ್ಟು ಬೇಕೋ ಅಷ್ಟೇ ಬರೆಯಬೇಕೆಂದು ಅತ್ತೆ ಹಟ ಹಿಡಿದಿದ್ದಳು. ಆದರೆ ಲಕೋಟೆಯಲ್ಲಿ ಕೆಲಸ ಬಲ್ಲವರ ಪಟ್ಟಿಯನ್ನೂ ಅವರ ಒಪ್ಪಿಗೆಯ ಹೆಬ್ಬೆಟ್ಟನ್ನೂ ಇಡಬೇಕಿತ್ತು. ಸಾಹೇಬರು ನಮ್ಮ ಪಟ್ಟಿ ಓದಿದರು: ಸಾತಮ್ಮ, ಗಿರಿಜವ್ವ, ತಿಪ್ಪಮ್ಮ... ಹಾಲಮ್ಮ. ಆಮೇಲೆ ಜಯದೇವಪ್ಪನವರದ್ದು ಓದಿದರು: ಸಾತಮ್ಮ, ಗಿರಿಜವ್ವ, ತಿಪ್ಪಮ್ಮ... ಲಕ್ಕಮ್ಮ. ಪ್ರತಿ ವರ್ಷದ ಹಾಗೆ ಹಿಂದಿನ ವರ್ಷದ ಹಾಳೆಯನ್ನೇ ಎತ್ತಿ ಇಟ್ಟಿದ್ದರು. ನಾಗಭೂಷಣ ಅವರು ತಲೆಯೆತ್ತಿ, "ಒಂದೇ ಜನ ಎರಡು ಕಡೆ ಹೇಗಿರ್ತಾರೆ?" ಎಂದರು. "ಅವರು ಯಾವಾಗಲೂ ನಮ್ಮೋರೇ ಸಾರ್" ಎಂದರು ಜಯದೇವಪ್ಪನವರು, ಅದರಲ್ಲಿ ಕಪಟ ಇರಲಿಲ್ಲ. ನಿಜವಾಗಿಯೂ ಹಾಗೇ ನಂಬಿದ್ದರು. ಅತ್ತೆ ಹೇಳಿದಳು: "ಲಕ್ಕಮ್ಮನ್ನ ಮಣ್ಣು ಮಾಡಿ ನಾಲ್ಕು ತಿಂಗಳಾಯ್ತು ಜಯದೇವಪ್ಪನೋರೇ. ಹದಿನಾಲ್ಕು ವರ್ಷ ನಿಮ್ಮ ಸೇತುವೆ ಕಟ್ಟಿದವಳು. ನಿಮಗೆ ಗೊತ್ತೇ ಆಗಲಿಲ್ಲ." ಜಯದೇವಪ್ಪನವರು ಹೆಗಲ ಮೇಲಿನ ಟವಲು ತೆಗೆದು ಮಡಚಿ ತೊಡೆಯ ಮೇಲಿಟ್ಟುಕೊಂಡರು. ಮುಖ್ಯಾಧಿಕಾರಿಗಳು ನಮ್ಮ ಕಡೆ ತಿರುಗಿ, "ಸರಿ, ನೀವು ಹೇಳಿ. ಯಾರ ಕಡೆಯವರು ನೀವು?" ಎಂದರು. "ನಾವು ನಮ್ಮ ಕಡೆಯವರು ಸಾರ್" ಎಂದಳು ಅತ್ತೆ.

ಕಟ್ಟುವವರೇ ಇಲ್ಲದ ಲಕೋಟೆಯನ್ನು ಮುಖ್ಯಾಧಿಕಾರಿಗಳು ಬದಿಗಿಟ್ಟರು. ಹೀಗೆ ಟೆಂಡರ್ ನಮ್ಮದಾಯಿತು. ಅಮಾವಾಸ್ಯೆಯ ಆಸುಪಾಸಿನಲ್ಲಿ ಅತ್ತೆಯೇ ಕಾಡಿಗೆ ಹೋಗಿ ಒಂದೊಂದು ಗಳವನ್ನೂ ಬಡಿದು ಕಡಿಸಿದಳು, ಕೆರೆಯಲ್ಲಿ ನೆನೆಹಾಕಿಸಿದಳು. ಹಗ್ಗವನ್ನು ಹಗ್ಗದ ಕೇರಿಯ ಗೋಣೆಪ್ಪನ ಹತ್ತಿರ ಹೊಸೆಸಿದೆವು. ಗೋಣೆಪ್ಪನ ಒಂದು ಕಾಲು ಚಿಕ್ಕಂದಿನಲ್ಲೇ ಸೊರಗಿದ್ದು, ಕೂತಲ್ಲೇ ಕೂತು ಊರಿಗೆಲ್ಲ ಹಗ್ಗ ಹೊಸೆಯುತ್ತಿದ್ದ. ಅವನ ಕೇರಿ ಆ ವರ್ಷ ಆಚೆ ಇತ್ತು. ಈ ಸಲ ಸೇತುವೆಯನ್ನು ಒಂದೇ ಉದ್ದಕ್ಕೆ ಹೆಣೆಯುವುದು ಬೇಡ, ಒಂಬತ್ತು ತುಂಡು ಮಾಡಿ ಒಂದಕ್ಕೊಂದು ಬಿಗಿಯೋಣ, ಎಲ್ಲಾದರೂ ಒಂದು ಕೆಟ್ಟರೆ ಅದನ್ನು ಮಾತ್ರ ಬಿಚ್ಚಿ ಬದಲಿಸಬಹುದು ಎಂದು ಅತ್ತೆ ಹೇಳಿದಳು. ಲಕ್ಕಮ್ಮನ ಜಾಗದಲ್ಲಿ ನಾನು ಕೂತೆ. ಮೊದಲ ವಾರ ಅಂಗೈ ಪೂರ್ತಿ ಗೀರು, ಊಟದ ಉಪ್ಪು ತಾಗಿದರೆ ಕಣ್ಣಲ್ಲಿ ನೀರು. ಎರಡನೆಯ ವಾರ ಗಂಟು ಹಾಕಲು ಕಲಿತೆ.

ಆಯುಧಪೂಜೆ ಕಳೆದು ಹೊಳೆ ಹಳೆಯ ಹುಣಸೆಮರದ ಪಕ್ಕಕ್ಕೆ ಬಂದು ನಿಂತಿತು. ಇಪ್ಪತ್ತೊಂದು ದಿನದಲ್ಲಿ ಹುಣಸೆಮರದ ಹತ್ತಿರ ಸೇತುವೆ ಕಟ್ಟಿ ಬಿಟ್ಟುಕೊಡಬೇಕೆಂದು ಆದೇಶ ಕೈಗೆ ಬಂತು. ಹದಿನೇಳನೆಯ ದಿನ ಏಳು ತುಂಡು ಜೋಡಿಸಿ ಆಗಿತ್ತು, ಎರಡು ಉಳಿದಿದ್ದವು. ಹದಿನೆಂಟನೆಯ ದಿನ ಬೆಳಿಗ್ಗೆ ಹೋಗಿ ನೋಡಿದರೆ ಸೇತುವೆಯ ಕೆಳಗೆ ಒದ್ದೆ ಮರಳು, ಅದರಲ್ಲಿ ಒಂದಿಷ್ಟು ಮೀನು ಒದ್ದಾಡುತ್ತಿದ್ದವು. ವರ್ಷಕ್ಕೆ ಒಂದೇ ಸಲ ಮಗ್ಗುಲು ಬದಲಿಸುವ ಹೊಳೆ ಎರಡನೆಯ ಸಲ ಸರಿದಿತ್ತು. ಹಾಗಾದದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಸಂತೆ ಮೈದಾನದ ಆ ಕೊನೆಗೆ, ದಿಬ್ಬದ ಬುಡದಲ್ಲಿ, ಅರ್ಧ ಮೈಲಿ ದೂರಕ್ಕೆ ಅದು ತಣ್ಣಗೆ ಹರಿಯುತ್ತಿತ್ತು. ತಿಪ್ಪಮ್ಮ ಮರಳಿನ ಮೇಲೆ ಕುಸಿದು ಕೂತು ಹೊಳೆಯನ್ನು ಬಾಯಿಗೆ ಬಂದ ಹಾಗೆ ಬೈದಳು.

ಜಯದೇವಪ್ಪನವರು ಬೈಕಿನಲ್ಲಿ ಬಂದರು. ನಗಲು ಬಂದಿರಬೇಕು ಅಂದುಕೊಂಡೆ. ಅಲ್ಲ. ಬೈಕು ನಿಲ್ಲಿಸಿ, ದನಿ ತಗ್ಗಿಸಿ, "ಸಾತಮ್ಮ, ನಿನಗೆ ಒಳ್ಳೇದಾಗಲಿ ಅಂತ ಹೇಳ್ತೀನಿ. ಆದೇಶದಲ್ಲಿ ಹುಣಸೆಮರದ ಹತ್ತಿರ ಅಂತಿದೆ. ಇಲ್ಲೇ ಮುಗಿಸು, ಅಳತೆ ಕೊಡು. ನೀರು ಇದೆಯೋ ಇಲ್ಲವೋ ಗುತ್ತಿಗೆದಾರನ ತಲೆನೋವಲ್ಲ. ಎತ್ತಿಕೊಂಡು ಹೋದ್ಯೋ, ಕಾಗದಕ್ಕೂ ಕೆಲಸಕ್ಕೂ ತಾಳೆ ಆಗಲ್ಲ, ಮುಂದೆ ನಿನ್ನನ್ನ ಟೆಂಡರಿಗೆ ಸೇರಿಸಲ್ಲ" ಎಂದರು. ನಾನು ದಿಬ್ಬಕ್ಕೆ ಓಡಿ ಸಾಹೇಬರನ್ನು ಕೇಳಿದೆ. ಮುಖ್ಯಾಧಿಕಾರಿಗಳು ಊರಲ್ಲಿರಲಿಲ್ಲ, ಬರುವುದು ಇನ್ನೂ ನಾಲ್ಕು ದಿನ. "ಜಯದೇವಪ್ಪ ಹೇಳಿದ್ದು ನಿಜ" ಎಂದರು ಸಾಹೇಬರು. "ಕಾಗದ ಹುಣಸೆಮರ ಅನ್ನುತ್ತೆ. ಅದನ್ನ ತಿದ್ದೋ ಅಧಿಕಾರ ನನಗಿಲ್ಲ."

ಅತ್ತೆ ಎಲ್ಲರನ್ನೂ ಮರಳಿನ ಮೇಲೆ ಕೂರಿಸಿದಳು. ಸಂಘ ಅಂದ ಮೇಲೆ ಕೇಳಿಯೇ ಮಾಡಬೇಕು ಎಂದಳು. "ಕಾಗದ ದಾಟೋಕೆ ಸೇತುವೆ ಬೇಡ, ನೀರು ದಾಟೋಕೆ ಬೇಕು. ನಂಗೆ ಅನ್ನಿಸಿದ್ದು ಇಷ್ಟು. ಹೊರೋಣ ಅನ್ನೋರು ಕೈ ಎತ್ತಿ." ಎಂಟು ಕೈ ಎದ್ದವು. ಎತ್ತದ ಮೂವರಲ್ಲಿ ನಾನೂ ಒಬ್ಬಳು. ಕಾಗದದ ಬಲ ಗೊತ್ತಿದ್ದವಳು ನಾನೊಬ್ಬಳೇ, ಹೆದರಿ ಹೋಗಿದ್ದೆ. ಅತ್ತೆ ನನ್ನ ಕಡೆ ನೋಡಿದಳು, ಬೈಯಲಿಲ್ಲ. "ಸರಿ, ಎಂಟು ಆಯ್ತು. ಬಿಚ್ಚಿ" ಎಂದಳು. ಕೈ ಎತ್ತದ ನಾವು ಮೂವರೂ ಎದ್ದು ಬಿಚ್ಚಲು ಶುರುಮಾಡಿದೆವು.

ಸಂತೆಯ ದಿನ ಅದು. ಒಂದೊಂದು ತುಂಡಿಗೆ ಆರು ಹೆಗಲು ಬೇಕು. ಮೊದಲ ತುಂಡನ್ನು ಹೊತ್ತು ನಾವು ಬೀದಿಗೆ ಬಂದಾಗ ಜನ ದಾರಿ ಬಿಟ್ಟು ಗೋಡೆಗೆ ಒರಗಿ ನಿಂತರು. ಎರಡನೆಯದಕ್ಕೆ ಬಂದಾಗ ಈರುಳ್ಳಿ ಮಾರುವವನೊಬ್ಬ ತಕ್ಕಡಿ ಕೆಳಗಿಟ್ಟು ಹೆಗಲು ಕೊಟ್ಟ. ಆಚೆಗೆ ಹೋಗಬೇಕಾದವರು, ದಾಟಲಾಗದೆ ಮೂಟೆಗಳ ಮೇಲೆ ಕೂತಿದ್ದವರು, ಒಬ್ಬೊಬ್ಬರೇ ಎದ್ದು ಬಂದರು. ಮಧ್ಯಾಹ್ನದ ಹೊತ್ತಿಗೆ ನಮ್ಮೂರ ಸೇತುವೆ ತುಂಡು ತುಂಡಾಗಿ ಬಳೆ ಅಂಗಡಿಗಳ ನಡುವೆ, ಕೋಳಿ ಬುಟ್ಟಿಗಳ ನಡುವೆ ಮೆರವಣಿಗೆ ಹೊರಟಿತ್ತು. ಆಚೆ ದಡದಲ್ಲಿ ಗೋಣೆಪ್ಪನ ಕೇರಿಯವರು ಹಗ್ಗದ ತುದಿ ಹಿಡಿದು ಗೂಟ ಹೊಡೆದರು. ಇಪ್ಪತ್ತನೆಯ ದಿನ ಸಂಜೆಯೊಳಗೆ ಒಂಬತ್ತೂ ತುಂಡು ಕೂತವು.

ಮರುದಿನ ಮೊದಲು ಬಂದವರು ಸಿಸ್ಟರ್ ಫಿಲೋಮಿನಾ. ಚೀಲ ಹೆಗಲಿಗೆ ಹಾಕಿಕೊಂಡು ಸೇತುವೆಯ ತಲೆಯಲ್ಲಿ ನಿಂತು, "ಈ ಸಲ ಬಿದಿರು ಹೇಗಿದೆ ಸಾತಮ್ಮ?" ಎಂದರು. "ಬಲಿತಿದೆ ಸಿಸ್ಟರಮ್ಮ. ಮೂರನೇ ತುಂಡಿನ ಎಡಗಡೆ ಒಂದು ಗಳ ಸ್ವಲ್ಪ ಎಳೇದು ಅನ್ನಿಸ್ತು, ಅದರ ಜೊತೆ ಇನ್ನೊಂದು ಕಟ್ಟಿದ್ದೀನಿ. ನೀವು ಬಲಗಡೆ ಹಿಡ್ಕೊಂಡು ಹೋಗಿ." ಸಿಸ್ಟರ್ ಬಲಗಡೆ ಹಿಡಿದು ಹೋದರು. ಮೂರನೆಯ ತುಂಡಿನ ಮೇಲೆ ಒಂದು ಗಳಿಗೆ ನಿಂತು ಕೆಳಗೆ ನೋಡಿ, ಮತ್ತೆ ನಡೆದರು. ನಾಗಭೂಷಣ ಅವರು ಊರಿಗೆ ಬಂದವರು ಆದೇಶ ಹಿಡಿದುಕೊಂಡು ಮೊದಲು ಹುಣಸೆಮರಕ್ಕೆ ಹೋದರು, ಆಮೇಲೆ ಇಲ್ಲಿಗೆ ಬಂದರು. ಹೋಗಿ ಬರುವ ಜನರನ್ನು ನೋಡುತ್ತ ಬಹಳ ಹೊತ್ತು ನಿಂತು, ಜೊತೆಗೆ ಬಂದಿದ್ದ ಗುಮಾಸ್ತರ ಕಡೆ ತಿರುಗಿದರು. "ಹುಣಸೆಮರದ ಹತ್ತಿರ ಅನ್ನೋದನ್ನ ಹೊಡೆದು ಹೊಳೆ ಇರುವಲ್ಲಿ ಅಂತ ಬರೀರಿ ಸಾಹೇಬ್ರೇ. ನಾನೇ ಸಹಿ ಮಾಡ್ತೀನಿ" ಎಂದರು. ಈಗಲೂ ಆದೇಶದಲ್ಲಿ ಹಾಗೇ ಇರುತ್ತದೆ.

ಮುಂದಿನ ಆಷಾಢದ ಸಭೆಗೆ ಬೆಂಚುಗಳನ್ನು ಶಾಲೆಯಿಂದ ತರಿಸಬೇಕಾಯಿತು. ಕುಂಬಾರರು, ಕಸ ಗುಡಿಸುವವರು, ಕೌದಿ ಹೊಲಿಯುವ ಹೆಂಗಸರು, ಎಲ್ಲ ಒಂದೊಂದು ಸಂಘ ಮಾಡಿಕೊಂಡು ಬಂದಿದ್ದರು. ಸೇತುವೆಗೆ ಮೂರು ಲಕೋಟೆ ಬಿದ್ದವು: ನಮ್ಮದು, ಜಯದೇವಪ್ಪನವರದು, ಹಗ್ಗದ ಕೇರಿಯ ಗೋಣೆಪ್ಪನದು. ಗೋಣೆಪ್ಪ ಹಗ್ಗದಲ್ಲೇ ತೂಗುಸೇತುವೆ ಹೆಣೆದು, ಹೊಳೆ ಸರಿದರೆ ಚಾಪೆಯ ಹಾಗೆ ಸುತ್ತಿ ಎತ್ತಿಕೊಂಡು ಹೋಗಬಹುದು ಎಂದು ಮಾದರಿ ಮಾಡಿ ತಂದಿದ್ದ. ದರವೂ ಕಡಿಮೆ. ಅತ್ತೆ ಆ ಮಾದರಿಯ ಗಂಟುಗಳನ್ನು ಒಂದೊಂದಾಗಿ ಎಳೆದು ನೋಡಿ, "ಚೆನ್ನಾಗಿ ಮಾಡಿದ್ದೀಯ ಕಣೋ" ಎಂದಳು. ಟೆಂಡರ್ ಅವನಿಗಾಯಿತು.

ಹೊರಗೆ ಬಂದು ಪುರಸಭೆಯ ಮೆಟ್ಟಿಲ ಮೇಲೆ ಕೂತೆವು. ಅತ್ತೆ ಎಲೆಗೆ ಸುಣ್ಣ ಸವರುತ್ತಿದ್ದಳು. "ಸೋತ್ವಲ್ಲ ಅತ್ತೆ" ಎಂದೆ. "ಹೂಂ ಕಣೇ, ಸೋತ್ವಿ" ಎಂದಳು. ಎಲೆ ಮಡಚಿ ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದಳು. "ಹದಿನಾಲ್ಕು ವರ್ಷ ಆ ಟೆಂಡರ್ ನಮಗಾಗಲಿಲ್ಲ. ಆದ್ರೆ ಒಂದು ವರ್ಷಾನೂ ನಾವು ಸೋತಿರಲಿಲ್ಲ ನೋಡು. ಹಾಕಿದ್ರೆ ತಾನೇ ಸೋಲೋದು." ಅವಳ ಮುಖದಲ್ಲಿ ಬೇಜಾರಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಬೆನ್ನು ನೆಟ್ಟಗಿತ್ತು. ನಮ್ಮ ಹಿಂದಿನ ಹಲಗೆಯ ಮೇಲೆ ಸಾಹೇಬರು ಆ ವಾರದ ಹೊಸ ಪ್ರಕಟಣೆಗಳನ್ನು ಹಚ್ಚುತ್ತಿದ್ದರು. ಅತ್ತೆ ತಿರುಗಿ ಗಲ್ಲದಿಂದಲೇ ತೋರಿಸಿ, "ಅದೇನು ಓದು" ಎಂದಳು. ಕಣ್ಣೊರೆಸಿಕೊಂಡು ಓದಿದೆ: ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಇಪ್ಪತ್ತು ತೊಟ್ಟಿಲು ಬೇಕಾಗಿವೆ.

"ಕೊನೇ ದಿನ ಯಾವಾಗ?"

"ಸೋಮವಾರ."

"ಮತ್ತೆ ಇಲ್ಲೇನು ಕೂತಿದ್ದೀಯ," ಎಂದು ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದಳು, "ಹೋಗಿ ಅರ್ಜಿ ತಗೊಂಡು ಬಾ."